ಕಾಲು ನಡೆದಷ್ಟೇ ಮನೆ

1999ರಲ್ಲಿ ‘ನೇಚರ್’ ವಿಜ್ಞಾನ ಪತ್ರಿಕೆಯಲ್ಲಿ ಒಂದು ಪುಟ್ಟ ಸಂಶೋಧನಾ ಲೇಖನ ಬಂತು. ಬರೆದವರು ಕ್ಯಾಲಿಫೋರ್ನಿಯಾದ ಎಡ್ಮಂಡ್ ಟೆಂಗ್ ಮತ್ತು ಲ್ಯಾರಿ ಸ್ಕ್ವೈರ್. ಅವರು ಪರೀಕ್ಷಿಸಿದ್ದು ಇ.ಪಿ. ಎಂಬ ಇನಿಶಿಯಲ್‌ನಿಂದ ಗುರುತಿಸಲಾಗುತ್ತಿದ್ದ ಒಬ್ಬ ವೃದ್ಧರನ್ನು. ಸೋಂಕಿನಿಂದ ಅವರ ಮೆದುಳಿನಲ್ಲಿ ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಎರಡೂ ಬದಿಯಲ್ಲಿ ಹಾಳಾಗಿತ್ತು. ಹೊಸದಾಗಿ ಏನೂ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕಾಯಿಲೆ ಬಿದ್ದಮೇಲೆ ಬಂದು ನೆಲೆಸಿದ ಬೀದಿಯ ಬಗ್ಗೆ ಕೇಳಿದರೆ ಅವರಿಂದ ಒಂದು ಉತ್ತರವೂ ಬರಲಿಲ್ಲ. ಆದರೆ ದಶಕಗಳ ಹಿಂದೆ ಬಿಟ್ಟುಬಂದ, ತಾವು ಬೆಳೆದ ಊರಿನ ದಾರಿಗಳನ್ನು ಕೇಳಿದಾಗ ಸರಾಗವಾಗಿ ಹೇಳಿದರು. ಮುಖ್ಯರಸ್ತೆ ಮುಚ್ಚಿದೆ ಎಂದುಕೊಳ್ಳಿ, ಆಗ ಹೇಗೆ ಹೋಗುತ್ತೀರಿ ಎಂದರೆ ಬಳಸುದಾರಿಯನ್ನೂ ಹೇಳಿದರು. ಅದೇ ಊರಲ್ಲಿ ಬೆಳೆದ, ಅದೇ ವಯಸ್ಸಿನ, ಆರೋಗ್ಯವಂತರಾದ ಇತರರಿಗಿಂತ ಅವರ ಉತ್ತರಗಳು ಯಾವ ರೀತಿಯಲ್ಲೂ ಕಡಿಮೆಯಿರಲಿಲ್ಲ.

ಬಾಲ್ಯದ ಮನೆಯ ನೆನಪು ಎಂದೊಡನೆ ನಾವು ಭಾವನೆಯ ಮಾತು ಆಡುತ್ತೇವೆ. ಭಾವನೆ ನಿಜವೇ. ಆದರೆ ಅದರ ಕೆಳಗೆ ಇನ್ನೂ ಗಟ್ಟಿಯಾದದ್ದೊಂದು ಇದೆ ಎಂದು ಇ.ಪಿ. ಅವರ ಕತೆ ಓದಿದಾಗ ನನಗೆ ಮನವರಿಕೆಯಾಯಿತು. ಬೆಳೆದ ಜಾಗ ನಮ್ಮೊಳಗೆ ಕೂರುವುದು ದಾರಿಗಳಾಗಿ: ಎಲ್ಲಿ ತಿರುಗಬೇಕು, ಎಲ್ಲಿ ತಲೆ ಬಗ್ಗಿಸಬೇಕು, ಕತ್ತಲಲ್ಲಿ ಎಷ್ಟನೇ ಹೆಜ್ಜೆಗೆ ಹೊಸಿಲು ಸಿಗುತ್ತದೆ ಎಂಬ ತಿಳಿವಾಗಿ.

ಇದರ ಹಿಂದಿನ ಶರೀರಶಾಸ್ತ್ರ ಈಗ ತಕ್ಕಮಟ್ಟಿಗೆ ಗೊತ್ತಾಗಿದೆ. 1971ರಲ್ಲಿ ಲಂಡನ್ನಿನ ಜಾನ್ ಓಕೀಫ್ ಮತ್ತು ಅವರ ಸಹೋದ್ಯೋಗಿ, ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ವಿಚಿತ್ರವಾದ ಕೋಶಗಳನ್ನು ಕಂಡರು. ಇಲಿ ಒಂದು ನಿರ್ದಿಷ್ಟ ಜಾಗಕ್ಕೆ ಬಂದಾಗ ಒಂದು ಕೋಶ ಮಿಡಿಯುತ್ತಿತ್ತು. ಮುಂದಕ್ಕೆ ಹೋದರೆ ಅದು ಸುಮ್ಮನಾಗಿ ಇನ್ನೊಂದು ಮಿಡಿಯುತ್ತಿತ್ತು. 2005ರಲ್ಲಿ ನಾರ್ವೆಯ ಮೇ-ಬ್ರಿಟ್ ಮೋಸರ್, ಎಡ್ವರ್ಡ್ ಮೋಸರ್ ಅವರ ತಂಡ ದೂರ ಮತ್ತು ದಿಕ್ಕನ್ನು ಅಳೆಯಲು ನೆರವಾಗುವ ಇನ್ನೊಂದು ಬಗೆಯ ಕೋಶಗಳನ್ನು ಪತ್ತೆಮಾಡಿತು. 2014ರ ವೈದ್ಯಕೀಯ ನೊಬೆಲ್ ಈ ಮೂವರಿಗೆ ಬಂತು. ಪ್ರಾಣಿ ನಡೆದಾಡುತ್ತ ಹೋದಂತೆ ಅದರ ತಲೆಯೊಳಗೆ ನಕ್ಷೆ ಬರೆಯಲ್ಪಡುತ್ತದೆ.

ನಡಿಗೆಗೆ ಎಷ್ಟು ಬಲವಿದೆ ಎನ್ನುವುದಕ್ಕೆ ಇನ್ನೊಂದು ಸಾಕ್ಷಿಯಿದೆ. 1953ರಲ್ಲಿ ಅಪಸ್ಮಾರದ ಶಸ್ತ್ರಚಿಕಿತ್ಸೆಯಾದ ಮೇಲೆ ಹೊಸ ನೆನಪುಗಳನ್ನು ಕಟ್ಟುವ ಶಕ್ತಿಯನ್ನೇ ಕಳೆದುಕೊಂಡ ಅಮೆರಿಕದ ಹೆನ್ರಿ ಮೊಲೈಸನ್, ನೆನಪಿನ ಬಗ್ಗೆ ಓದುವವರಿಗೆಲ್ಲ ಪರಿಚಿತರು. ಈಗತಾನೇ ಮಾತಾಡಿಸಿದ ವೈದ್ಯರನ್ನೂ ಅವರು ಮರೆತುಬಿಡುತ್ತಿದ್ದರು. ಆದರೆ ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ವಾಸವಿದ್ದ ಮನೆಯ ಕೋಣೆಗಳ ನಕ್ಷೆಯನ್ನು ಅವರು ಸರಿಯಾಗಿ ಬರೆದು ತೋರಿಸಿದರು. ದಿನವೂ ಅದೇ ಕೋಣೆಗಳಲ್ಲಿ ಓಡಾಡಿ ಓಡಾಡಿ ಆ ಮನೆ ಹೇಗೋ ಒಳಗೆ ಇಳಿದಿತ್ತು.

ನಡೆದಷ್ಟೇ ನಕ್ಷೆ ಎಂದಾದರೆ, ನಮ್ಮ ಹಳೆಯ ಮನೆಗಳ ವಿಷಯದಲ್ಲಿ ಒಂದು ಪ್ರಶ್ನೆ ಏಳುತ್ತದೆ. ಆ ಮನೆಗಳಲ್ಲಿ ಎಲ್ಲರೂ ಎಲ್ಲ ಕಡೆ ನಡೆಯುವಂತಿತ್ತೇ?

ಇರಲಿಲ್ಲ. ನಾನು ಹೇಳಬೇಕಾದದ್ದು ಇದನ್ನೇ. ಒಂದೇ ಸೂರಿನ ಕೆಳಗೆ ಬೆಳೆದವರ ಮನಸ್ಸಿನಲ್ಲಿ ಒಂದೇ ಮನೆ ಇರುವುದಿಲ್ಲ. ಯಾರ ಕಾಲು ಎಲ್ಲಿಯವರೆಗೆ ಹೋಗಬಹುದಿತ್ತೋ ಅವರ ಮನೆ ಅಲ್ಲಿಗೆ ಮುಗಿಯುತ್ತದೆ.

ಮಲೆನಾಡಿನ ತೊಟ್ಟಿಮನೆಯನ್ನೇ ತೆಗೆದುಕೊಳ್ಳುತ್ತೇನೆ. ನಾನು ಬೆಳೆದದ್ದು ಅಂಥದ್ದರಲ್ಲಿ. ದಪ್ಪ ಮಣ್ಣಿನ ಗೋಡೆ, ಹಲಸಿನ ಮರದ ಕಂಬಗಳು, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮೇಲೆ ಮಂಗಳೂರು ಹೆಂಚು. ಈ ಹೆಂಚಿಗೂ ಒಂದು ಚರಿತ್ರೆಯಿದೆ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಕರಾವಳಿಯಿಂದ ಘಟ್ಟದವರೆಗೂ ಸೋಗೆ, ಹುಲ್ಲು, ನಾಡಹೆಂಚಿನ ಮಾಡುಗಳು ಒಂದೊಂದಾಗಿ ಕೆಂಪಾದವು. ಆಷಾಢದಲ್ಲಿ ನಾಲ್ಕೂ ಕಡೆಯ ಮಾಡಿನ ನೀರು ಒಟ್ಟಿಗೆ ತೊಟ್ಟಿಗೆ ಸುರಿಯುವಾಗ ಪಕ್ಕದಲ್ಲಿ ನಿಂತವರ ಮಾತೂ ಕೇಳಿಸುತ್ತಿರಲಿಲ್ಲ. ಒಳಕೋಣೆಗಳಿಗೆ ಬೆಳಕು ಬರುತ್ತಿದ್ದದ್ದು ಮಾಡಿನ ನಡುವೆ ಕೂರಿಸಿದ ಒಂದೋ ಎರಡೋ ಗಾಜಿನ ಹೆಂಚಿನಿಂದ. ಮಧ್ಯಾಹ್ನ ಆ ಬೆಳಕು ನೆಲದ ಮೇಲೆ ಚೌಕವಾಗಿ ಬಿದ್ದು ಮೆಲ್ಲಗೆ ಸರಿಯುತ್ತಿತ್ತು. ಗಡಿಯಾರವಿಲ್ಲದ ಅಡುಗೆಮನೆಗೆ ಅದೇ ಗಡಿಯಾರ.

ಜಗಲಿಯ ಮೇಲೆ ಬಂದವರು ಕೂರುತ್ತಿದ್ದರು. ಬಂದವರಲ್ಲೂ ಎಲ್ಲರೂ ಅಲ್ಲ. ಲೆಕ್ಕದ ಪುಸ್ತಕ, ಪಂಚಾಂಗ, ಎಲೆಯಡಿಕೆ ತಟ್ಟೆ ಅಲ್ಲಿರುತ್ತಿದ್ದವು. ಕೊಯ್ಲಿನ ದಿನಗಳಲ್ಲಿ ರಾತ್ರಿ ಮೆಟ್ಟುಗತ್ತಿಯ ಮೇಲೆ ಸಾಲಾಗಿ ಕೂತು ಅಡಿಕೆ ಸುಲಿಯುವುದೂ ಅಲ್ಲೇ. ಅದರಾಚೆ ನಡುಮನೆ, ದೇವರ ಕೋಣೆ, ಊಟದ ಮನೆ, ಅಡುಗೆಮನೆ. ಅಡುಗೆಮನೆಯಲ್ಲಿ ಹೊಗೆ ಹಿಡಿದು ಕಪ್ಪಾದ ನಾಗಂದಿಗೆ, ಅದರ ಮೇಲೆ ಉಪ್ಪಿನಕಾಯಿ ಭರಣಿಗಳು. ಮಾಡಿನ ಪಕಾಸಿಗೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಮಂಗಳೂರು ಸೌತೆ. ಹಿಂದೆ ಬಚ್ಚಲು, ಅಲ್ಲಿ ತಾಮ್ರದ ಹಂಡೆ, ಅದರ ಒಲೆಗೆ ಸದಾ ಒಣಗಿದ ಸೋಗೆ ಮತ್ತು ಹಾಳೆ. ಬಚ್ಚಲಿಗೆ ತಾಗಿದಂತೆ ಕತ್ತಲೆಯ ಬಾಣಂತಿ ಕೋಣೆ. ಮನೆಯ ಮಕ್ಕಳೆಲ್ಲ ಹುಟ್ಟಿದ್ದು ಆ ಕೋಣೆಯಲ್ಲಿ. ಮನೆಯ ಗಂಡಸರಿಗೆ ಅತ್ಯಂತ ಕಡಿಮೆ ಗೊತ್ತಿದ್ದ ಕೋಣೆಯೂ ಅದೇ.

ಮನೆ ಕಳಚಿದ ಮೇಲೆ, ಅಲ್ಲಿ ಬೆಳೆದವರ ಹತ್ತಿರ ಹಾಳೆ ಪೆನ್ಸಿಲು ಕೊಟ್ಟು ನಕ್ಷೆ ಬರೆಸಿಕೊಳ್ಳಲು ಶುರುಮಾಡಿದೆ. ದೊಡ್ಡಪ್ಪ ಹೆಬ್ಬಾಗಿಲಿನಿಂದ ಆರಂಭಿಸಿದರು. ಜಗಲಿಯ ಕಂಬಗಳನ್ನು ಒಂದೊಂದಾಗಿ ಗುರುತು ಹಾಕಿದರು, ಮಹಡಿಯ ಮೆಟ್ಟಿಲು ಯಾವ ಕಡೆಗೆ ತಿರುಗುತ್ತಿತ್ತು ಎಂದು ಬಾಣ ಎಳೆದರು. ಅಡುಗೆಮನೆ ಬಂದಾಗ ಒಂದು ಚೌಕ ಬರೆದು ಒಳಗೆ ‘ಅಡುಗೆ’ ಎಂದು ಬರೆದರು, ಅಷ್ಟೆ.

ಅತ್ತೆ ಪೆನ್ಸಿಲು ಹಿಡಿದು ತುಸು ಹೊತ್ತು ಸುಮ್ಮನೆ ಕೂತರು. “ಬಾವಿಯಿಂದ ಶುರು ಮಾಡ್ತೀನಿ ಕಣೆ. ಬಾಗಿಲಿಂದ ಶುರು ಮಾಡಿದ್ರೆ ನಂಗೆ ಮನೆ ಸಿಗಲ್ಲ” ಎಂದರು. ಬಾವಿಕಟ್ಟೆ, ಅಲ್ಲಿಂದ ಬಚ್ಚಲಿಗೆ ಕಲ್ಲು ಹಾಸಿದ ದಾರಿ, ಹಿತ್ತಲ ಬಾಗಿಲು, ಒಳಗೆ ಬಂದರೆ ಒರಳು, ಆಮೇಲೆ ಒಲೆ. ಅವರ ಹಾಳೆಯಲ್ಲಿ ಅಡುಗೆಮನೆ ಜಗಲಿಗಿಂತ ದೊಡ್ಡದಾಯಿತು. ಅಳತೆ ತಪ್ಪಿತೆಂದು ನನಗೆ ಅನ್ನಿಸಲಿಲ್ಲ. ನೀರು ಹೊತ್ತು ನಡೆದವರಿಗೆ ಆ ದೂರ ಅಷ್ಟಿತ್ತು. ಹಿತ್ತಲ ಕಡೆಗೆ ಅವರು ಇನ್ನೊಂದು ಸಣ್ಣ ಚೌಕ ಬರೆದರು: ತಿಂಗಳ ಆ ಮೂರು ದಿನ ಹೆಂಗಸರು ಕೂರುತ್ತಿದ್ದ ಜಾಗ. ದೊಡ್ಡಪ್ಪನ ನಕ್ಷೆಯಲ್ಲಿ ಅದು ಇರಲೇ ಇಲ್ಲ. ಆ ಮೂರು ದಿನಗಳಲ್ಲಿ ಅತ್ತೆಗೆ ಮನೆಯೆಂದರೆ ಆ ಚೌಕ, ಬಾವಿಯ ಆಚೆಗಿನ ಒಗೆಯುವ ಕಲ್ಲು ಮತ್ತು ಅವೆರಡರ ನಡುವಿನ ದಾರಿ. ಹನ್ನೆರಡೋ ಹದಿಮೂರೋ ವಯಸ್ಸಿಗೆ ಹುಡುಗಿಯೊಬ್ಬಳಿಗೆ ತನ್ನದೇ ಮನೆ ತಿಂಗಳಿಗೊಮ್ಮೆ ಹೀಗೆ ಕುಗ್ಗುತ್ತಿತ್ತು. ಅದೇ ವಯಸ್ಸಿಗೆ ಅವಳ ಅಣ್ಣನಿಗೆ ಮಹಡಿ, ಅಂಗಳ, ಊರಿನ ರಸ್ತೆ ಎಲ್ಲವೂ ತೆರೆದುಕೊಳ್ಳುತ್ತ ಹೋಗುತ್ತಿದ್ದವು.

ಮೂರನೆಯ ನಕ್ಷೆಯನ್ನು ನಾನು ಬಹಳ ತಡವಾಗಿ ಕೇಳಿದೆ. ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಪೆನ್ಸಿಲು ಮುಟ್ಟಲಿಲ್ಲ. ಅವರು ಹೇಳುತ್ತ ಹೋದಂತೆ ಅವರ ಮಗಳು ಬರೆದಳು. ಕೊಟ್ಟಿಗೆಯಲ್ಲಿ ಯಾವ ಗೂಟ ಯಾವ ದನದ್ದು, ಸೊಪ್ಪಿನ ಹೊರೆ ಇಳಿಸುವ ಜಾಗ ಎಲ್ಲಿ, ಗೊಬ್ಬರಗುಂಡಿಗೆ ಹೋಗುವ ಕಾಲುದಾರಿ ಮಳೆಗಾಲದಲ್ಲಿ ಎಲ್ಲಿ ಜಾರುತ್ತಿತ್ತು, ಅಡಿಕೆ ಒಣಗಿಸುವ ಚಪ್ಪರಕ್ಕೆ ಎಷ್ಟು ಕಂಬ, ಎಲ್ಲವೂ ಅವರಿಗೆ ನೆನಪಿತ್ತು. ಹಿತ್ತಲ ಬಾಗಿಲಿನ ಹತ್ತಿರ ಮಾಡಿನ ಸಂದಿಯಲ್ಲಿ ತಮಗಾಗಿ ಬೇರೆಯಾಗಿ ಇಟ್ಟಿದ್ದ ಕಾಫಿಯ ಲೋಟದ ಜಾಗವನ್ನೂ ತೋರಿಸಿದರು. ಆ ಬಾಗಿಲಿನಿಂದಾಚೆಗೆ ಹಾಳೆ ಬಿಳಿಯಾಗಿಯೇ ಉಳಿಯಿತು. ನಾನು ಹುಟ್ಟಿದ ಕೋಣೆ, ಉಂಡ ಊಟದ ಮನೆ, ಮಲಗಿದ ಮಹಡಿ ಯಾವುದೂ ಅದರಲ್ಲಿ ಇಲ್ಲ. ಬದುಕಿನ ಬಹುಭಾಗ ಆ ಮನೆಗೆ ದುಡಿದವರು ಅವರು.

ಮನೆಯ ಮಹಡಿ, ನಡುಮನೆ, ಹೊರಗು ಎಂಬ ವಿಂಗಡಣೆ ಮಕ್ಕಳ ಮಾತನ್ನೂ ತಿದ್ದುತ್ತದೆ ಎಂಬುದಕ್ಕೆ ಮೈಸೂರಿನ ಒಂದು ಮನೆ ಪ್ರಸಿದ್ಧ ಉದಾಹರಣೆ. 1929ರಲ್ಲಿ ಹುಟ್ಟಿದ ಕವಿ ಎ.ಕೆ. ರಾಮಾನುಜನ್ ಬೆಳೆದ ಮನೆ ಅದು. ಗಣಿತದ ಪ್ರಾಧ್ಯಾಪಕರಾಗಿದ್ದ, ಖಗೋಳವನ್ನೂ ಜ್ಯೋತಿಷ್ಯವನ್ನೂ ಜೊತೆಜೊತೆಗೆ ನಂಬಿದ್ದ ತಂದೆಯ ಕೋಣೆ ಮಹಡಿಯಲ್ಲಿತ್ತು; ಅಲ್ಲಿ ಇಂಗ್ಲಿಷು. ಕೆಳಗೆ ಅಡುಗೆಮನೆಯಲ್ಲಿ ತಾಯಿ, ಅಜ್ಜಿಯರೊಂದಿಗೆ ತಮಿಳು. ಹೊಸಿಲು ದಾಟಿ ಬೀದಿಗಿಳಿದರೆ ಕನ್ನಡ. ಹುಡುಗ ಮೆಟ್ಟಿಲು ಹತ್ತಿ ಇಳಿಯುವಾಗಲೆಲ್ಲ ಭಾಷೆ ಬದಲಾಗುತ್ತಿತ್ತು. ರಾತ್ರಿ ಮಕ್ಕಳಿಗೆ ಉಣ್ಣಿಸುತ್ತ ಹೆಂಗಸರು ಅಡುಗೆಮನೆಯಲ್ಲಿ ಹೇಳುತ್ತಿದ್ದ ಕತೆಗಳನ್ನು ಅವರು ಮುಂದೆ ಬದುಕಿಡೀ ಸಂಗ್ರಹಿಸಿದರು, ಹೆಂಗಸರ ಕತೆಗಳ ಲೋಕ ಪುರಾಣಗಳ ಲೋಕಕ್ಕಿಂತ ಹೇಗೆ ಬೇರೆ ಎಂದು ವಿವರಿಸಿದರು. ಗಂಡುಮಗುವಿಗೆ ಅಡುಗೆಮನೆಯೂ ಮಹಡಿಯೂ ಎರಡೂ ದಕ್ಕುವ ಕೆಲವು ವರ್ಷಗಳಿರುತ್ತವೆ. ಆ ವರ್ಷಗಳ ಓಡಾಟವನ್ನು ಅವರು ವ್ಯರ್ಥವಾಗಲು ಬಿಡಲಿಲ್ಲ ಎಂದು ನನಗೆ ಅವರ ಬಗ್ಗೆ ವಿಶೇಷ ಗೌರವ.

ನಮ್ಮ ಮನೆಯ ನಕ್ಷೆಗಳಲ್ಲಿ ಒಂದು ತಕರಾರು ಇನ್ನೂ ಬಗೆಹರಿದಿಲ್ಲ. ನಡುಮನೆಗೂ ಜಗಲಿಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇತ್ತು ಎನ್ನುತ್ತಾರೆ ಅತ್ತೆ. ಮಳೆಗಾಲದಲ್ಲಿ ಜಗಲಿಯಲ್ಲಿ ತಾಳಮದ್ದಳೆ ಆಗುವಾಗ ಹೆಂಗಸರು ಅದರ ಈಚೆ ಕೂತು ಕೇಳುತ್ತಿದ್ದರಂತೆ. “ವಾಲಿವಧೆಯ ಅರ್ಥ ಪೂರಾ ಆ ಕಿಂಡೀಲೇ ಕೇಳಿದ್ದು. ಯಾರು ರಾಮನ ಅರ್ಥ ಹೇಳಿದ್ರೂ ನಮಗೆಲ್ಲ ವಾಲಿ ಮಾತೇ ಸರಿ ಅನ್ನಿಸ್ತಿತ್ತು” ಎಂದು ವಾಲಿಯ ವಾದವನ್ನು ಈಗಲೂ ಒಪ್ಪಿಸಬಲ್ಲರು. ದೊಡ್ಡಪ್ಪ ಮಾತ್ರ ಅಲ್ಲಿ ಕಿಂಡಿ ಇರಲೇ ಇಲ್ಲ, ಗೋಡೆ ಅಖಂಡವಾಗಿತ್ತು ಎನ್ನುತ್ತಾರೆ. ಅವರು ಆ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದವರು. ನಾನು ಅತ್ತೆಯನ್ನು ನಂಬುತ್ತೇನೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಸಂಗತಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ತವರು ಎಂದರೆ ಬೆಳೆದ ಮನೆ. ಅದು ತವರಾಗುವುದೇ ಅದನ್ನು ಬಿಟ್ಟ ದಿನ. ನಮ್ಮ ಜನಪದ ಹಾಡುಗಳಲ್ಲಿ ತವರಿಗೆ ಇರುವಷ್ಟು ಜಾಗ ಬೇರೆ ಯಾವುದಕ್ಕೂ ಇಲ್ಲ, ಮತ್ತು ಆ ಹಾಡುಗಳನ್ನು ಕಟ್ಟಿದವರು ಹೆಚ್ಚಾಗಿ ಹೆಂಗಸರೇ. ಮದುವೆಯಾಗಿ ಹೋದವಳು ಹಬ್ಬಕ್ಕೆ ಬಂದರೆ ಅವಳಿಗೆ ಮಣೆ ಹಾಕುತ್ತಾರೆ, ಉಡಿ ತುಂಬುತ್ತಾರೆ. ತಾನೇ ತೊಳೆದಿಡುತ್ತಿದ್ದ ಪಾತ್ರೆ ಈಗ ಯಾವ ಗೂಡಿನಲ್ಲಿದೆ ಎಂದು ಅತ್ತಿಗೆಯನ್ನು ಕೇಳಬೇಕಾಗುತ್ತದೆ. ಅವಳ ಒಳಗಿನ ನಕ್ಷೆ ಮದುವೆಯ ವಯಸ್ಸಿಗೆ ನಿಂತಿರುತ್ತದೆ. ಮನೆ ಮಾತ್ರ ಅವಳನ್ನು ಬಿಟ್ಟು ಬದಲಾಗುತ್ತ ಹೋಗಿರುತ್ತದೆ.

ಕಾನೂನು ಕೂಡ ಬಹುಕಾಲ ಇದೇ ಮಾತು ಹೇಳಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹೆಣ್ಣುಮಕ್ಕಳನ್ನು ವಾರಸುದಾರರೆಂದು ಒಪ್ಪಿಕೊಂಡಿತು. ಆದರೆ ಅದರ 23ನೇ ಸೆಕ್ಷನ್ ವಾಸದ ಮನೆಗೆ ಬೇರೆಯೇ ನಿಯಮ ಮಾಡಿತು. ವಿಲ್ ಬರೆಯದೆ ತೀರಿಕೊಂಡವರ, ಕುಟುಂಬದವರೇ ಪೂರ್ತಿಯಾಗಿ ವಾಸವಾಗಿರುವ ಮನೆಯನ್ನು ಭಾಗ ಮಾಡಿ ಎಂದು ಹೆಣ್ಣು ವಾರಸುದಾರರು ಕೇಳುವಂತಿರಲಿಲ್ಲ. ಗಂಡು ವಾರಸುದಾರರು ತಮ್ಮ ಪಾಲು ವಿಂಗಡಿಸಿಕೊಳ್ಳುವವರೆಗೆ ಕಾಯಬೇಕಿತ್ತು. ಅಲ್ಲಿ ಇರುವ ಹಕ್ಕಾದರೂ ಮಗಳಿಗಿತ್ತೇ ಎಂದರೆ, ಮದುವೆಯಾಗದವಳಿಗೆ, ಗಂಡ ಬಿಟ್ಟವಳಿಗೆ ಅಥವಾ ಗಂಡನಿಂದ ದೂರವಾದವಳಿಗೆ, ಇಲ್ಲವೇ ವಿಧವೆಗೆ ಮಾತ್ರ. ಗಂಡನೊಂದಿಗೆ ಬಾಳುತ್ತಿರುವ ಮಗಳಿಗೆ ತಾನು ಬೆಳೆದ ಮನೆಯಲ್ಲಿ ವಾಸದ ಹಕ್ಕಿಲ್ಲ ಎಂದು ಸ್ವತಂತ್ರ ಭಾರತದ ಶಾಸನವೇ ಬರೆದಿತ್ತು. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು, ಅಷ್ಟರಲ್ಲಿ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಪಾಲು ಕೊಟ್ಟಿತು. ಕೇಂದ್ರದ 2005ರ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಹಕ್ಕುದಾರಳನ್ನಾಗಿ ಮಾಡಿತು, 23ನೇ ಸೆಕ್ಷನ್ನನ್ನು ತೆಗೆದುಹಾಕಿತು. ತಿದ್ದುಪಡಿ ಬರುವ ಮೊದಲೇ ತಂದೆ ತೀರಿಕೊಂಡಿದ್ದರೂ ಈ ಹಕ್ಕು ಉಂಟೆಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು, ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಅಷ್ಟಾದರೂ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಸೀರೆ, ಅರಿಸಿನ ಕುಂಕುಮ ಕೊಟ್ಟು ಕಳಿಸುವುದು ಊರೂರಲ್ಲೂ ನಡೆದಿದೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಲ್ಲಿ ಎಷ್ಟೋ ಹೆಂಗಸರು ಸಹಿ ಹಾಕುತ್ತಾರೆ. ಬೆಳೆದ ಮನೆಗೆ ವರ್ಷಕ್ಕೊಮ್ಮೆ ಹೋಗಿಬರುವ ದಾರಿ ಉಳಿಸಿಕೊಳ್ಳಲು ಆ ಮನೆಯ ಮೇಲಿನ ಹಕ್ಕನ್ನೇ ಬಿಟ್ಟುಕೊಡಬೇಕಾಗಿರುವುದು ನನಗೆ ಬಹಳ ನೋವಿನ ವಿಷಯ. ತವರಿನ ಮೇಲಿನ ಪ್ರೀತಿಯನ್ನು ಹಾಡಿ ಹೊಗಳುವ ನಾವು, ಆ ಪ್ರೀತಿಯನ್ನೇ ಒತ್ತೆಯಿಟ್ಟುಕೊಳ್ಳುತ್ತಿದ್ದೇವೆ.

ಉಳಿದುಕೊಂಡ ಮನೆಗಳ ಕತೆಯೇ ಬೇರೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಕುವೆಂಪು ಬೆಳೆದ ಮೂರಂತಸ್ತಿನ ತೊಟ್ಟಿಮನೆ ಇಂದು ಕವಿಮನೆಯಾಗಿ ಎಲ್ಲರಿಗೂ ತೆರೆದಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೇರೆ ಬೇರೆ ಕಡೆಯ ಹಳೆಯ ಮನೆಗಳನ್ನು ಕಂಬ, ತೊಲೆ, ಬಾಗಿಲು ಸಹಿತ ಕಳಚಿ ತಂದು ಮತ್ತೆ ಜೋಡಿಸಿ ನಿಲ್ಲಿಸಿದರು. ಈ ಕೆಲಸಗಳ ಬೆಲೆ ದೊಡ್ಡದು. ಅಲ್ಲಿ ಟಿಕೆಟ್ ಕೊಂಡವರು ಯಾರೇ ಆಗಲಿ ಅಡುಗೆಮನೆಗೂ ದೇವರ ಮನೆಗೂ ಬಾಣಂತಿ ಕೋಣೆಗೂ ಹೋಗಿ ನಿಲ್ಲಬಹುದು. ಅಂಥ ಮನೆಗಳ ಇತಿಹಾಸದಲ್ಲಿ ಮೊದಲ ಬಾರಿಗೆ ಎಲ್ಲ ಕಾಲುಗಳಿಗೂ ಎಲ್ಲ ಕೋಣೆ ಸಿಕ್ಕಿದೆ. ಅದು ಸಂತೋಷದ ಮಾತು. ಯಾವ ಹೊಸಿಲಿನಲ್ಲಿ ಯಾರು ನಿಲ್ಲಬೇಕಾಗಿತ್ತು ಎಂಬುದನ್ನೂ ಅಲ್ಲಲ್ಲೇ ಬರೆದು ಹಾಕಿದರೆ ನೋಡುವ ಮಕ್ಕಳಿಗೆ ಮನೆ ಪೂರ್ತಿ ಕಾಣುತ್ತದೆ.

ಹಾಗೆ ಇಡಿಯಾಗಿ ಕಳಚಿ ತಂದು ನಿಲ್ಲಿಸುವ ಅವಕಾಶವೇ ಇಲ್ಲದೆ ಹೋದ ಮನೆಗಳು ಶರಾವತಿ ಕಣಿವೆಯವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಿತು. ಅದರ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಈ ಸಂಖ್ಯೆ ಸಾಗರ, ಹೊಸನಗರದ ಕಡೆ ಇಂದಿಗೂ ಪ್ರತಿ ಮಳೆಗಾಲ ಎಲ್ಲರ ಬಾಯಲ್ಲಿದೆ. ಅದಕ್ಕಿಂತ ಕೆಳಗಿದ್ದ ಗದ್ದೆ, ತೋಟ, ಮನೆ, ದೇವರ ಬನ ಮುಳುಗಿದವು. ಒಯ್ಯಬಲ್ಲವರು ಬಾಗಿಲು, ಕಂಬ, ಹೆಂಚುಗಳನ್ನು ಹೊತ್ತು ಹೊಸ ಜಾಗಕ್ಕೆ ಹೋದರು. ಕೊಟ್ಟ ಜಾಗಕ್ಕೆ ಹಕ್ಕುಪತ್ರ ಸಿಗದೆ ಅವರ ಮಕ್ಕಳು, ಮೊಮ್ಮಕ್ಕಳು ಇವತ್ತಿಗೂ ಹೋರಾಡುತ್ತಿದ್ದಾರೆ. ಆ ಯೋಜನೆಯ ಇಲಾಖೆಯಲ್ಲೇ ನೌಕರರಾಗಿದ್ದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಅವರ ಬವಣೆಯನ್ನು ಬರೆದರು; ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದರು. ಬೇಸಿಗೆಯಲ್ಲಿ ನೀರು ಇಳಿದಾಗ ಮಡೆನೂರಿನ ಹಳೆಯ ಹಿರೇಭಾಸ್ಕರ ಅಣೆಕಟ್ಟು ಹೊರಗೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮಣ್ಣಿನ ಗೋಡೆಯ ಮನೆಗಳು ಹಾಗೆ ಉಳಿಯುವಂಥವಲ್ಲ. ಅವು ಇರುವುದು ಅಲ್ಲಿ ಬೆಳೆದವರ ತಲೆಯಲ್ಲಿ ಮಾತ್ರ.

1964ರಲ್ಲಿ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಅವರಿಂದ ನಕ್ಷೆ ಬರೆಸಿಕೊಳ್ಳುವ ಕೆಲಸಕ್ಕೆ ದೊಡ್ಡ ಸಂಸ್ಥೆ ಬೇಕಿಲ್ಲ, ಹೈಸ್ಕೂಲಿನ ಮಕ್ಕಳು ಸಾಕು. ಎಲ್ಲಿಂದ ಶುರುಮಾಡಬೇಕೆಂದು ನಾವು ಹೇಳಬಾರದು. ಬಾವಿಯೋ ಬಾಗಿಲೋ ಕೊಟ್ಟಿಗೆಯೋ ಅವರೇ ಆರಿಸಿಕೊಳ್ಳಲಿ. ಗೋಡೆಗಳನ್ನು ಬರೆದಾದ ಮೇಲೆ ಬೆಳಗಿನಿಂದ ರಾತ್ರಿಯವರೆಗೆ ಅವರು ಓಡಾಡುತ್ತಿದ್ದ ದಾರಿಯನ್ನು ಇನ್ನೊಂದು ಬಣ್ಣದಲ್ಲಿ ಎಳೆಸಬೇಕು. ಹೋಗಬಾರದೆಂದಿದ್ದ ಜಾಗ ಯಾವುದು, ಹಾಗೆಂದು ಹೇಳಿದವರು ಯಾರು ಎಂದು ಕೇಳಬೇಕು. ಅಣ್ಣನಿಂದ ಒಂದು ನಕ್ಷೆ ಸಿಕ್ಕಿದರೆ ತಂಗಿಯ ಊರಿಗೂ ಹೋಗಬೇಕು, ಅವರು ಈಗ ಯಾವ ತಾಲ್ಲೂಕಿನಲ್ಲಿದ್ದರೂ ಸರಿ. ಆಮೇಲೆ ಆ ಮನೆಯ ಗದ್ದೆ, ಕೊಟ್ಟಿಗೆಯಲ್ಲಿ ದುಡಿಯುತ್ತಿದ್ದವರು ಮುಳುಗಡೆಯ ನಂತರ ಎಲ್ಲಿಗೆ ಹೋದರೆಂದು ವಿಚಾರಿಸಿ, ಇನ್ನೊಂದು ಹಾಳೆ ತೆಗೆದುಕೊಂಡು ಅವರ ಮನೆಗೂ ಹೋಗಬೇಕು, ಮತ್ತು ಅಲ್ಲಿ ಮೊದಲು ಅವರು ಬೆಳೆದ ಅವರದೇ ಮನೆಯ ನಕ್ಷೆಯನ್ನು ಕೇಳಬೇಕು.